ವಿಜ್ಞಾನ ಶಿಕ್ಷಕರಿಗೆ ಬೇಸಿಗೆ ಕಮ್ಮಟ: ಮೂರು ದಿನ, ಹತ್ತು ಮೇಜು

ಮೊದಲು ತಾರೀಕು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಯುವವರೆಗೂ ಶಿಕ್ಷಕರು ಸಿಗುವುದಿಲ್ಲ. ಮೇ ಬಂತೆಂದರೆ ಮದುವೆ, ಗೃಹಪ್ರವೇಶ. ಸಂಜೆಯಾದರೆ ಗುಡುಗು, ಆಮೇಲೆ ಕರೆಂಟಿಲ್ಲ. ಉಡುಪಿ, ಮಂಗಳೂರಿನ ಕಡೆ ಏಪ್ರಿಲ್ 23ರಿಂದ 25 ಹೊಂದುತ್ತದೆ. ಸೂರ್ಯ ನೆತ್ತಿಯ ಮೇಲೆ ಬರುವುದೂ ಆಗಲೇ.

ಓಓಡಿ (ಶಾಲೆಯ ಹೊರಗಿನ ಕರ್ತವ್ಯಕ್ಕೆ ಕಳುಹಿಸುವ) ಆದೇಶವನ್ನು ತಿಂಗಳ ಮೊದಲೇ ಮಾಡಿಸಿಡಿ. ಹಾಜರಾತಿ ಪತ್ರದಲ್ಲಿ ಪ್ರತಿ ದಿನದ ತಾರೀಕು ಬೇರೆಬೇರೆಯಾಗಿ ಇರಲಿ, ಗಳಿಕೆ ರಜೆಯ ಲೆಕ್ಕಕ್ಕೆ ಬೇಕಾಗುತ್ತದೆ. ಇದನ್ನು ಮರೆತರೆ ಎರಡನೇ ದಿನವೇ ಕುರ್ಚಿಗಳು ಖಾಲಿ.

ಮೂವತ್ತು ಜನ ಸಾಕು, ಮೇಜಿಗೆ ಮೂವರು. ಒಂದೇ ಶಾಲೆಯವರನ್ನು ಒಟ್ಟಿಗೆ ಕೂರಿಸಬೇಡಿ. ಪ್ರತಿ ಮೇಜಿನಲ್ಲೂ ಪಿಸಿಎಂ (ಭೌತ, ರಸಾಯನ, ಗಣಿತ) ಮತ್ತು ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎರಡೂ ಕಡೆಯವರಿರಲಿ. ಹಳ್ಳಿ ಶಾಲೆಯಲ್ಲಿ ಒಂದು ಹುದ್ದೆ ಖಾಲಿಯಾದರೆ ಇನ್ನೊಬ್ಬರೇ ಎಲ್ಲ ಪಾಠ ಮಾಡಬೇಕು. ಜೀವಶಾಸ್ತ್ರ ಓದಿದವರ ಕೈಗೆ ವೋಲ್ಟ್, ಆಂಪಿಯರ್ ಅಳೆಯುವ ಮಲ್ಟಿಮೀಟರ್ ಮೊದಲು ಸಿಗಬೇಕಾದ್ದು ಇಲ್ಲಿಯೇ. ಅರ್ಧ ದಿನಕ್ಕೆ ಒಂದೇ ವಿಷಯ. ಕುಚ್ಚಲಕ್ಕಿ ಊಟದ ಮೇಲೆ ಸ್ಲೈಡು ತೋರಿಸುವ ಸಾಹಸ ಬೇಡ.

ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ತೋರಿಸಲು ಬೇಕಾದ ಸುಣ್ಣದ ತಿಳಿಯನ್ನು ಹಿಂದಿನ ದಿನವೇ ಮಾಡಿಡಿ. ಎಲೆಯಡಿಕೆಗೆ ಹಚ್ಚುವ ಸುಣ್ಣ ಎರಡು ಚಮಚ, ನೀರು ಒಂದು ಲೀಟರ್. ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬೇರೆ ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಬೇಕು. ಮುಚ್ಚಳ ಸಡಿಲವಿದ್ದರೆ ಹೊರಗಿನ ಗಾಳಿಯ ಇಂಗಾಲದ ಡೈಆಕ್ಸೈಡ್ ಅದನ್ನು ಕೆಡಿಸುತ್ತದೆ. ಸ್ಟ್ರಾದಲ್ಲಿ ಊದಿದರೆ ಹಾಲಿನಂತಾಗುತ್ತದೆ. ಇಂಗಾಲದ ಡೈಆಕ್ಸೈಡ್ ಅತಿಯಾದರೆ ಮತ್ತೆ ತಿಳಿಯಾಗುತ್ತದೆ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಕರಗುವ ಬೈಕಾರ್ಬೋನೇಟ್ ಆಗುತ್ತದೆ. ತರಗತಿಯಲ್ಲಿ "ಸರ್, ಬಿಳಿ ಹೋಯಿತು" ಎಂದಾಗ ತಬ್ಬಿಬ್ಬಾಗದಿರಲು ಇದನ್ನು ಇಲ್ಲೇ ನೋಡಿರಬೇಕು. ಹೀರುವುದು ಬೇಡ, ಊದುವುದು ಮಾತ್ರ, ಕನ್ನಡಕ ಹಾಕಿಕೊಳ್ಳಲಿ.

ಓಮ್‌ನ ನಿಯಮದಂತೆ ವೋಲ್ಟೇಜಿಗೆ ತಕ್ಕ ಹಾಗೆ ವಿದ್ಯುತ್ ಏರಿ ನಕ್ಷೆ ನೇರ ಗೆರೆಯಾಗಬೇಕು, ಬಲ್ಬು ಹಾಕಿದರೆ ಬಾಗುತ್ತದೆ. ತಂತು ಕಾದಂತೆ ಅದರ ರೋಧ ಏರುತ್ತದೆ. ಅದಕ್ಕೇ ಬಲ್ಬಿನ ಬದಲು 1000 ವ್ಯಾಟಿನ ಹೀಟರ್ ಕಾಯಿಲ್ ತಂದು ಅದರ ಕಾಲು ಭಾಗ ಕತ್ತರಿಸಿಕೊಳ್ಳಿ. ಪೂರ್ತಿ ಕಾಯಿಲ್ ಸುಮಾರು 50 ಓಮ್, ಕಾಲು ಭಾಗ 12-13. ಒಂದರಿಂದ ನಾಲ್ಕು ಸೆಲ್‌ವರೆಗೆ ಏರಿಸುತ್ತ ಹೋಗಿ. ಪ್ರತಿ ಅಳತೆ ಐದು ಸೆಕೆಂಡಿನಲ್ಲಿ ಮುಗಿಸಿ ಕೀಲಿ ತೆಗೆಯಿರಿ, ಇಲ್ಲದಿದ್ದರೆ ಸೆಲ್ ಬಳಲುತ್ತದೆ. ನಾಲ್ಕು ಸೆಲ್‌ಗೆ ವಿದ್ಯುತ್ ಹತ್ತಿರಹತ್ತಿರ ಅರ್ಧ ಆಂಪಿಯರ್. ಅಗ್ಗದ ಮಲ್ಟಿಮೀಟರಿನಲ್ಲಿ ಕೆಂಪು ತಂತಿಯನ್ನು 200 ಮಿಲಿಆಂಪಿಯರ್ ತೂತಿಗೆ ಚುಚ್ಚಿದರೆ ಫ್ಯೂಸ್ ಹೋಗುತ್ತದೆ. 10 ಆಂಪಿಯರ್ ತೂತೇ ಆಗಬೇಕು. ಹೆಚ್ಚುವರಿ ಫ್ಯೂಸ್ ಹತ್ತಾದರೂ ಇಟ್ಟುಕೊಳ್ಳಿ, ಅಷ್ಟೂ ಖರ್ಚಾಗಬಹುದು.

ನೀರಿನ ವಿದ್ಯುದ್ವಿಭಜನೆಗೆ ಅಡುಗೆ ಉಪ್ಪು ಬೇಡ, ಕ್ಲೋರಿನ್ ಬರುತ್ತದೆ. ಅರ್ಧ ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ. ಪೆನ್ಸಿಲ್ ಕಡ್ಡಿಗಳಲ್ಲಿ ಹೈಡ್ರೋಜನ್-ಆಕ್ಸಿಜನ್ ಲೆಕ್ಕ ಸರಿಯಾಗಿ 2:1 ಬರುವುದಿಲ್ಲ. ಆಕ್ಸಿಜನ್ ಕೊಂಚ ಇಂಗಾಲದೊಂದಿಗೆ ಕೂಡುತ್ತದೆ, ಕೊಂಚ ನೀರಿನಲ್ಲಿ ಕರಗುತ್ತದೆ. ಸಿಕ್ಕಿದ್ದನ್ನೇ ಬರೆಯಲಿ.

ಬಲೂನು ಉಜ್ಜಿ ಕಾಗದ ಸೆಳೆಯುವ ಪ್ರಯೋಗವನ್ನು ಪಟ್ಟಿಯಿಂದಲೇ ತೆಗೆಯಿರಿ. ಕರಾವಳಿಯ ಬೇಸಿಗೆಯ ತೇವದಲ್ಲಿ ವಿದ್ಯುದಾವೇಶ ಉಳಿಯುವುದಿಲ್ಲ, ಅದು ಡಿಸೆಂಬರ್-ಜನವರಿಯ ಕೆಲಸ.

ಮೂರನೇ ದಿನ ಬಿಸಿಲಿಗೆ ಇಳಿಯಿರಿ. ನೆಟ್ಟ ಕೋಲಿಗೆ ನಡುಹಗಲಲ್ಲಿ ನೆರಳೇ ಬೀಳದ ಶೂನ್ಯ ನೆರಳಿನ ದಿನ ಮಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಉಡುಪಿಯಲ್ಲಿ 25ರ ಸುಮಾರಿಗೆ, ಹೊತ್ತು ಮಧ್ಯಾಹ್ನ 12:29ರ ಆಸುಪಾಸು. ಗಡಿಯಾರದ ಹನ್ನೆರಡಕ್ಕೆ ಕಾದು ನಿಂತು ನಿರಾಶರಾಗುವವರೇ ಹೆಚ್ಚು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕರಾವಳಿ ಅದಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಹಾಗಾಗಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಅರ್ಧ ಗಂಟೆ ತಡ. ಒಂದು ಮೀಟರ್ ಪಿವಿಸಿ ಪೈಪನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಒಂದು ದಿನ ಆಚೀಚೆಯಾದರೆ ನೆರಳು ಬರೀ 6 ಮಿಲಿಮೀಟರ್. ಪೈಪು ಒಂದೇ ಡಿಗ್ರಿ ವಾಲಿದರೂ 17. ಹಾಗಾಗಿ ತಪ್ಪು ಸೂರ್ಯನದ್ದಲ್ಲ, ಪೈಪಿನದು.

ಇದನ್ನೇ ಮುಂದುವರಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಬೆಳಗಾವಿ ಉಡುಪಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಅಲ್ಲಿಯ ಶಿಕ್ಷಕರೊಬ್ಬರು ಅದೇ ದಿನ ಅವರ ಊರಿನ ನಡುಹಗಲಲ್ಲಿ ಮೀಟರ್ ಕೋಲಿನ ನೆರಳು ಅಳೆದು ಫೋನಿನಲ್ಲಿ ಹೇಳಲಿ. ಸುಮಾರು 44 ಮಿಲಿಮೀಟರ್ ಬಂದರೆ ಎರಡು ಊರುಗಳ ನಡುವಿನ ಕೋನ 2.5 ಡಿಗ್ರಿ. ನೇರ ದೂರ ಸುಮಾರು 280 ಕಿಲೋಮೀಟರ್. 360ನ್ನು 2.5ರಿಂದ ಭಾಗಿಸಿ 280ರಿಂದ ಗುಣಿಸಿದರೆ 40,320: ಭೂಮಿಯ ಸುತ್ತಳತೆ. ಬಸ್ಸಿನ ದಾರಿಯ ದೂರ ಹಾಕಿದರೆ ಭೂಮಿ ದಪ್ಪಗಾಗುತ್ತದೆ, ನಕಾಶೆಯಲ್ಲಿ ಸ್ಕೇಲಿಟ್ಟು ಅಳೆಯಿರಿ.

ಹೊರಡುವಾಗ ಪ್ರತಿಯೊಬ್ಬರ ಕೈಯಲ್ಲೂ ಡಬ್ಬಿ ಇರಲಿ: ಕಾಯಿಲ್ ತುಂಡು, ಕ್ಲಿಪ್ ತಂತಿ ಆರು, ಪೆನ್ಸಿಲ್ ಕಡ್ಡಿ, ಮೆಗ್ನೀಸಿಯಂ ಪಟ್ಟಿ, ಸ್ಯಾಂಡ್ ಪೇಪರ್, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಮುಚ್ಚಳ ಬಿಗಿಯಾಗಿರಬೇಕು. ಜುಲೈ ಮಳೆಯಲ್ಲಿ ಕ್ಲಿಪ್ಪಿಗೆ ತುಕ್ಕು, ಮೆಗ್ನೀಸಿಯಂಗೆ ಬೂದು ಪೊರೆ ಹಿಡಿಯುತ್ತದೆ. ಹೊಳೆಯುವವರೆಗೆ ಉಜ್ಜಿಯೇ ಬಳಸಬೇಕು.