ಬೋಗುಣಿ, ಕಲ್ಲು, ಎಣ್ಣೆ: ಮಿಷನ್ ಆಸ್ಪತ್ರೇಲಿ ನನ್ನ ಅನುಭವ

ಬೆಳಗ್ಗೆ ಎಂಟಕ್ಕೆ ವರಾಂಡದಲ್ಲಿ ಹದಿನಾಲ್ಕು ಪ್ಲಾಸ್ಟಿಕ್ ಬೋಗುಣಿ ಸಾಲಾಗಿ ಇಟ್ಟು, ನೀರು ತುಂಬಿಸಿ, ಒಂದೊಂದಕ್ಕೂ ನನ್ನ ಮೊಣಕೈ ಅದ್ದಿ ನೋಡಿ, ಆಮೇಲೇ ಪೇಷಂಟ್‌ಗಳನ್ನ ಕರೀತಿದ್ದೆ. ಮೊಣಕೈ ಯಾಕಂದ್ರೆ ಅವರ ಕಾಲಿಗೆ ಬಿಸಿ ಗೊತ್ತಾಗಲ್ಲ, ಕುದಿಯೋ ನೀರಲ್ಲಿ ಇಟ್ಟರೂ ಆರಾಮಾಗಿ ಮಾತಾಡ್ತಾ ಕೂತಿರ್ತಾರೆ. ಇಪ್ಪತ್ತಾರು ವರ್ಷ ನಾನು ಮಾಡಿದ ಮಿಷನ್ ಕೆಲಸ ಅಂದ್ರೆ ಹೆಚ್ಚುಕಡಿಮೆ ಇಷ್ಟೇ, ಕುಷ್ಠರೋಗ ಬಂದು ಹೋದವರ ಕಾಲು ನೆನೆಸೋದು.

ನಮ್ಮದು ಗದಗ-ಬೆಟಗೇರಿ ಕಡೆಯ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ಗೆ ಸೇರಿದ ಮನೆತನ. ಮಿಷನ್‌ನೋರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಧಾರವಾಡ, ಹುಬ್ಬಳ್ಳಿ ದಾಟಿ 1841ಕ್ಕೆ ನಮ್ಮೂರು ಮುಟ್ಟಿದ್ರು. ಕನ್ನಡದವರಿಗೆ ಮಿಷನ್ ಅಂದ ಕೂಡ್ಲೇ ಕಿಟೆಲ್ ಡಿಕ್ಷನರಿ, ಮಂಗಳೂರ ಸಮಾಚಾರ, ಹಂಚಿನ ಕಾರ್ಖಾನೆ ನೆನಪಾಗುತ್ತೆ, ಸರಿನೇ. ಆದ್ರೆ ಅದೇ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅನ್ನೋ ಜೆಸ್ಯೂಟ್ ಪಾದ್ರಿ 1880ರಲ್ಲಿ ಹೋಮಿಯೋಪತಿ ಔಷಧಿ ಕೊಡೋಕೆ ಶುರು ಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಅಂತಲೇ ಒಂದು ಆಶ್ರಯ ಕಟ್ಟಿದ್ದು ಎಷ್ಟು ಜನಕ್ಕೆ ನೆನಪಿದೆ? ಮುಲ್ಲರ್ ಆಸ್ಪತ್ರೆ ಅಂದ್ರೆ ಈಗ ಎಲ್ಲರಿಗೂ ಗೊತ್ತು, ಅದರ ಬುಡದಲ್ಲಿ ಕುಷ್ಠದೋರು ಇದ್ರು ಅನ್ನೋದು ಮಾತ್ರ ಯಾರ ಬಾಯಲ್ಲೂ ಬರಲ್ಲ.

ನನ್ನ ಕೆಲಸದ ಬಗ್ಗೆ ಎರಡು ಕಡೆಯೋರೂ ಕೇಳ್ತಿದ್ದ ಪ್ರಶ್ನೆ ಒಂದೇ, ಅದು ನನಗೆ ಯಾವಾಗಲೂ ತಮಾಷೆ ಅನ್ಸೋದು. ಚರ್ಚಲ್ಲಿ ನಮ್ಮ ದೊಡ್ಡಪ್ಪ "ಎಷ್ಟು ಮಂದೀನ್ ಕರ್ಕೊಂಡ್ ಬಂದ್ಯೋ ತಮ್ಮಾ" ಅನ್ನೋರು, ಹೊರಗೆ ಚಹಾದಂಗಡೀಲಿ ಗೆಳೆಯರು "ಎಷ್ಟು ಮಂದೀನ್ ಕನ್ವರ್ಟ್ ಮಾಡ್ದಿ" ಅನ್ನೋರು. ಇಬ್ಬರಿಗೂ ಹೇಳೋಕೆ ನನ್ನ ಹತ್ರ ಲೆಕ್ಕ ಇರಲಿಲ್ಲ. ಚಪ್ಪಲಿ ಲೆಕ್ಕ ಇತ್ತು, ರಿಜಿಸ್ಟರ್ ಸಮೇತ.

ಶುರುವಿನಲ್ಲಿ ನಾನೂ ಹಂಗೇ ಇದ್ದೆ ಅನ್ನೋದನ್ನ ಮುಚ್ಚಿಡಲ್ಲ. ಹೊಸದಾಗಿ ಸೇರಿದಾಗ ಡ್ರೆಸ್ಸಿಂಗ್ ಮಾಡ್ತಾ ಮಾಡ್ತಾ ಯೇಸುವಿನ ಕಥೆ ಹೇಳೋದು ಒಂದು ಡ್ಯೂಟಿ ಅಂದ್ಕೊಂಡಿದ್ದೆ, ಕಾಲು ನನ್ನ ಕೈಯಲ್ಲಿದೆ, ಮನುಷ್ಯ ಎದ್ದು ಹೋಗಂಗಿಲ್ಲ, ಇದಕ್ಕಿಂತ ಒಳ್ಳೆ ಸಭೆ ಎಲ್ಲಿ ಸಿಗುತ್ತೆ ಅಂತ. ಒಂದಿನ ಕುಷ್ಟಗಿ ಕಡೆಯ ಒಬ್ಬ ಮುದುಕಪ್ಪ ಸುಮ್ನೆ ಕೇಳಿಸ್ಕೊಂಡು, ಮುಗಿದ ಮೇಲೆ "ಸರ್ರಾ, ಮಾತು ಚಲೋ ಹೇಳಿದ್ರಿ, ಆದ್ರ ಹಳೇ ಹತ್ತಿ ಒಳಗ ಉಳದೈತಿ ನೋಡ್ರಿ" ಅಂದ. ನಿಜವಾಗ್ಲೂ ಉಳಿದಿತ್ತು. ಮಾತಿನ ಭರದಲ್ಲಿ ಗಾಯದ ಮೂಲೇಲಿ ಹಳೇ ಹತ್ತಿ ತುಂಡು ಬಿಟ್ಟು ಮೇಲೆ ಹೊಸದು ಕಟ್ಟಿದ್ದೆ. ಆತನಿಗೆ ನೋವು ಗೊತ್ತಾಗಲ್ಲ, ಕಣ್ಣಲ್ಲಿ ನೋಡಿದ್ದ ಅಷ್ಟೇ. ಅವತ್ತಿಂದ ಡ್ರೆಸ್ಸಿಂಗ್ ಟೇಬಲ್ ಹತ್ರ ಉಪದೇಶ ಬಂದ್. ಯಾರಾದ್ರೂ ಅವರಾಗೇ ಪ್ರಾರ್ಥನೆ ಮಾಡ್ರಿ ಅಂದ್ರೆ ಮಾಡ್ತಿದ್ದೆ, ಅದೂ ಕೈ ತೊಳಕೊಂಡ ಮೇಲೆ.

ಹಂಗಂತ ಇದು ಬರೀ ಸಮಾಜಸೇವೆ, ದೇವರ ಕೆಲಸ ಬೇರೆ ಅನ್ನೋರ ಜೊತೆಗೂ ನಾನಿಲ್ಲ. ಸುವಾರ್ತೆ ಓದಿ ನೋಡಿ, ಯೇಸು ಶಿಷ್ಯರನ್ನ ಕಳಿಸುವಾಗ ಸಾರಿರಿ ಅನ್ನೋದನ್ನೂ ರೋಗಿಗಳನ್ನ ವಾಸಿಮಾಡಿರಿ ಅನ್ನೋದನ್ನೂ ಒಂದೇ ಉಸಿರಲ್ಲಿ ಹೇಳ್ತಾನೆ. ಮತ್ತಾಯ ಎಂಟನೇ ಅಧ್ಯಾಯದ ಕುಷ್ಠರೋಗಿ ಕಥೇನೇ ತಗೊಳ್ಳಿ, ಅವನನ್ನ ಮೊದಲು ಮುಟ್ತಾನೆ, ವಾಸಿ ಆಗೋದು ಆಮೇಲೆ. ಕೊನೇಗೆ ಹೋಗಿ ಯಾಜಕನಿಗೆ ತೋರಿಸ್ಕೋ ಅಂತಾನೆ. ನಾನು ಚಿಕ್ಕೋನಿದ್ದಾಗ ಈ ಯಾಜಕನ ಮಾತು ಯಾಕೆ ಅಂತ ಅರ್ಥ ಆಗ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯ್ತು, ಅದು ಡಿಸ್ಚಾರ್ಜ್ ಸರ್ಟಿಫಿಕೇಟ್ ಕಣ್ರೀ! ಯಾಜಕ ಶುದ್ಧ ಅಂತ ಹೇಳಿದ್ರೆ ಮಾತ್ರ ಊರೊಳಗೆ ಬಿಟ್ಕೊಳ್ತಿದ್ರು. ಚರ್ಮ ವಾಸಿಯಾಗಿ ಮನುಷ್ಯ ಊರ ಹೊರಗೇ ಉಳಿದ್ರೆ ಕೆಲಸ ಅರ್ಧ.

ನಮ್ಮಲ್ಲೂ ಅದೇ ಕಥೆ. ಔಷಧಿ ಇದೆ, 1982ರಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಎಂಡಿಟಿ, ಅಂದ್ರೆ ಎರಡು ಮೂರು ಔಷಧಿ ಒಟ್ಟಿಗೆ ಕೊಡೋದು, ಮಚ್ಚೆ ಕಮ್ಮಿ ಇದ್ರೆ ಆರು ತಿಂಗಳು, ಜಾಸ್ತಿ ಇದ್ರೆ ಹನ್ನೆರಡು ತಿಂಗಳು, ಪೂರ್ತಿ ಫ್ರೀ. ಮೊದಲ ಡೋಸ್ ನಮ್ಮೆದುರಿಗೇ ನುಂಗಬೇಕು. ಅದರಲ್ಲಿರೋ ರಿಫಾಂಪಿಸಿನ್ ತಗೊಂಡ ದಿನ ಮೂತ್ರ ಕೆಂಪಾಗುತ್ತೆ, ಅದನ್ನ ಮೊದಲೇ ಹೇಳಿಲ್ಲಾಂದ್ರೆ ಮರುದಿನ ರಕ್ತ ಹೋಗ್ತಿದೆ ಅಂತ ಇಡೀ ಮನೆ ಆಸ್ಪತ್ರೆ ಬಾಗಿಲಲ್ಲಿ ಇರುತ್ತೆ. ಗುಳಿಗೆ ಶುರುವಾದ ಸ್ವಲ್ಪ ದಿನಕ್ಕೇ ರೋಗ ಇನ್ನೊಬ್ಬರಿಗೆ ಹರಡೋದು ನಿಂತು ಹೋಗುತ್ತೆ. 2005ರ ಕೊನೆಗೆ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಆಯ್ತು ಅಂತ ಸರ್ಕಾರ ಹೇಳ್ತು, ಅದೂ ನಿಜ, ಆದ್ರೆ ಪ್ರಪಂಚದಲ್ಲಿ ಪ್ರತಿ ವರ್ಷ ಸಿಗೋ ಹೊಸ ಕೇಸಲ್ಲಿ ಅರ್ಧಕ್ಕಿಂತ ಹೆಚ್ಚು ಈಗಲೂ ನಮ್ಮ ದೇಶದ್ದೇ. (ತೊನ್ನು ಬೇರೆ, ಕುಷ್ಠ ಬೇರೆ, ದಯವಿಟ್ಟು ಗೊಂದಲ ಮಾಡ್ಕೋಬೇಡಿ. ತೊನ್ನು ರೋಗಾಣುವಿನಿಂದ ಬರೋದಲ್ಲ, ಹರಡೋದೂ ಇಲ್ಲ.)

ಔಷಧಿ ರೋಗಾಣು ಕೊಲ್ಲುತ್ತೆ, ಸತ್ತ ನರ ವಾಪಸ್ ತರಲ್ಲ. ಈ ರೋಗಾಣುವಿಗೆ ಮೈಯಲ್ಲಿ ತಂಪಾಗಿರೋ ಜಾಗ ಇಷ್ಟ, ಚರ್ಮದ ಹತ್ರಾನೇ ಹಾದು ಹೋಗೋ ನರಗಳನ್ನ ಹಿಡಿಯುತ್ತೆ. ಮೊಣಕೈ ಹಿಂದೆ ಬಾಗಿಲಿಗೆ ಬಡಿದ್ರೆ ಝುಂ ಅನ್ನುತ್ತಲ್ಲ, ಆ ನರ ಒಂದು. ಬೆರಳು ಕೊಳೆತು ಉದುರುತ್ತೆ ಅಂತ ಜನ ಈಗಲೂ ನಂಬ್ತಾರೆ. ಹಂಗಲ್ಲ ಅಂತ ತೋರಿಸಿಕೊಟ್ಟಿದ್ದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್, ಆತನೂ ಮಿಷನರಿ ಮಗ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದೋರು. ನೋವು ಗೊತ್ತಾಗದೇ ಇರೋದ್ರಿಂದ ಸುಟ್ಟು, ಕೊಯ್ದು, ತುಳಿದು ಕೈಕಾಲು ಸವೀತಾವೆ ಅಂತ ಅವರು ಹೇಳಿದ್ರು. ರಾತ್ರಿ ಮಲಗಿದ್ದಾಗ ಪೇಷಂಟ್‌ಗಳ ಬೆರಳಿನ ಚೂರು ಮಾಯ ಆಗ್ತಿದೆ ಅಂತ ಕಾವಲು ಕೂತು ನೋಡಿದ್ರೆ ಇಲಿ ಕಚ್ತಿತ್ತಂತೆ, ಆಮೇಲೆ ಮನೆಗೆ ಹೋಗೋರ ಜೊತೆ ಒಂದೊಂದು ಬೆಕ್ಕು ಕಳಿಸ್ತಿದ್ರಂತೆ. ನಾನು ವೆಲ್ಲೂರು ಹತ್ರದ ಕರಿಗಿರಿಯಲ್ಲಿ ಟ್ರೇನಿಂಗ್ ಮಾಡುವಾಗ ಇದನ್ನ ಕೇಳಿ ನಕ್ಕಿದ್ದೆ. ಊರಿಗೆ ಬಂದು ಕೆಲಸ ಶುರು ಮಾಡಿದ ಮೊದಲ ವರ್ಷವೇ ಹಂಗೇ ಇಲಿ ಕಚ್ಚಿದ ಹೆಬ್ಬೆರಳು ನೋಡಿದೆ, ನಗು ಬರಲಿಲ್ಲ.

ಈಗ ಬೋಗುಣಿ ವಿಷಯಕ್ಕೆ ಬರ್ತೀನಿ. ಮೊದಲು ಪೇಷಂಟ್ ಕಣ್ಣು ಮುಚ್ಕೊಂಡು ಕೂರಬೇಕು, ನಾನು ಬಾಲ್‌ಪೆನ್ ತುದಿಯಿಂದ ಪಾದದ ಅಲ್ಲಲ್ಲಿ ಮೆಲ್ಲಗೆ ಮುಟ್ತೀನಿ, ಎಲ್ಲಿ ಮುಟ್ಟಿದೆ ಅಂತ ಬೆರಳಿಟ್ಟು ತೋರಿಸಬೇಕು, ತೋರಿಸೋಕೆ ಆಗದ ಜಾಗಕ್ಕೆಲ್ಲ ಕಾರ್ಡಲ್ಲಿ ಇಂಟು ಗುರುತು. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ತಣ್ಣೀರಲ್ಲಿ ಕಾಲು ನೆನೆಸೋದು. ಜೋಮು ಹಿಡಿದ ಪಾದ ಬೆವರಲ್ಲ, ಬೇಸಿಗೆ ಕೆರೆ ತಳದಂಗೆ ಒಡೆದಿರುತ್ತೆ, ನೀರಲ್ಲಿಟ್ಟರೆ ಮೆತ್ತಗಾಗುತ್ತೆ. ಆಮೇಲೆ ಬಚ್ಚಲಲ್ಲಿ ಕಾಲು ತಿಕ್ಕೋ ಕಲ್ಲು ತಗೊಂಡು ದಪ್ಪ ಚರ್ಮ, ಆಣಿ ಎಲ್ಲ ತಿಕ್ಕಿ ಇಳಿಸೋದು, ಬ್ಲೇಡು ಮನೇಲಿ ಮುಟ್ಟಬಾರದು. ಒರೆಸಬಾರದು, ನೀರು ಇನ್ನೂ ಇರುವಾಗಲೇ ಎಣ್ಣೆ ಸವರಬೇಕು, ಕೊಬ್ಬರಿಯೋ ಹರಳೋ ಮನೇಲಿರೋದು ಸಾಕು. ಕೊನೇಗೆ ಕನ್ನಡಿ ಕೆಳಗಿಟ್ಟು ಅಂಗಾಲು ನೋಡ್ಕೊಳ್ಳೋದು, ಕೆಂಪಾಗಿದೆಯಾ, ಊದಿದೆಯಾ, ಮುಳ್ಳು ಸಿಕ್ಕಿದೆಯಾ. ದಿನಾ ಮಾಡಬೇಕು, ಸಾಯೋ ತನಕ. ಹುಣ್ಣಾಗಿದ್ರೆ ಇದೆಲ್ಲದಕ್ಕಿಂತ ದೊಡ್ಡ ಔಷಧಿ ಅಂದ್ರೆ ಆ ಕಾಲ ಮೇಲೆ ಭಾರ ಬಿಡದೇ ಇರೋದು, ಅದನ್ನ ಕೂಲಿ ಮಾಡೋ ಮನುಷ್ಯನಿಗೆ ಹೇಳಿ ನೋಡಿ. ಅದಕ್ಕೇ ಪ್ಲಾಸ್ಟರ್ ಹಾಕಿಬಿಡೋದು, ಆರು ವಾರ ಬಿಚ್ಚಂಗೇ ಇಲ್ಲ.

ಚಪ್ಪಲಿ ವಿಷಯದಲ್ಲಿ ನಾನು ಮಾಡಿದ ತಪ್ಪೂ ಹೇಳ್ತೀನಿ. ಎಂಸಿಆರ್ ಚಪ್ಪಲಿ ಅಂತ ಮೆತ್ತನೆ ರಬ್ಬರಿಂದು ಬರುತ್ತೆ, ಅಂಗಾಲಿನ ಒತ್ತಡ ಎಲ್ಲ ಕಡೆ ಹಂಚಿಬಿಡುತ್ತೆ, ಹಿಂದೆ ಬೆಲ್ಟ್ ಇರುತ್ತೆ, ಬಣ್ಣ ಕಪ್ಪು. ನಮ್ಮ ವರ್ಕ್‌ಶಾಪಲ್ಲೇ ಮಾಡಿ ರಾಶಿ ರಾಶಿ ಹಂಚಿದೆ, ಫೋಟೋ ತೆಗೆಸಿ ರಿಪೋರ್ಟ್‌ಗೂ ಹಾಕಿದ್ದಾಯ್ತು. ಹಳ್ಳಿಗೆ ಹೋಗಿ ನೋಡಿದ್ರೆ ಚಪ್ಪಲಿ ಗೋಡೆಯ ಗೂಡಲ್ಲಿ, ಕಾಲಿನ ಹುಣ್ಣು ಮೊದಲಿನಂಗೇ. ಕೇಳಿದ್ರೆ "ಅದನ್ನ ಹಾಕ್ಕೊಂಡ್ ಹೊಂಟ್ರ ದೊಡ್ಡರೋಗದ ಚಪ್ಲಿ ಅಂತ ಊರಿಗೆಲ್ಲ ಗೊತ್ತಾಗ್ತೈತ್ರಿ" ಅಂದ್ರು. ಅಂದ್ರೆ ನಾನು ವಾಸಿ ಮಾಡ್ತೀನಿ ಅಂತ ಹೋಗಿ ಕಾಲಿಗೆ ಗುರುತು ಕಟ್ಟಿ ಬಂದಿದ್ದೆ! ಆಮೇಲೆ ಸಂತೆಯಿಂದ ಜನ ಹಾಕೋ ಮಾದರಿ ಚಪ್ಪಲಿಗಳನ್ನೇ ತಂದು, ಒಳಗಿನ ಅಟ್ಟೆ ಕಿತ್ತು, ಎಂಸಿಆರ್ ಕೂರಿಸಿ, ಬಣ್ಣ ಕಂದು ಮಾಡಿ ಕೊಟ್ವಿ. ಒಬ್ಬಾಕೆ ಬಂಗಾರದ ಬಣ್ಣದ ಬಕಲ್ ಬೇಕು ಅಂದ್ಲು, ಹಾಕಿಸಿಕೊಟ್ಟೆ, ಆಕೆ ಕಾಲು ಆಮೇಲೆ ಒಡೀಲೇ ಇಲ್ಲ.

ಎಲ್ಲ ಹಿಂಗೇ ಚಂದ ಮುಗೀಲಿಲ್ಲ. ಇಪ್ಪತ್ತೆರಡು ವಯಸ್ಸಿನ ಒಬ್ಬ ಹುಡುಗನಿಗೆ ರಿಯಾಕ್ಷನ್ ಬಂತು, ಅಂದ್ರೆ ರೋಗಾಣು ವಿರುದ್ಧ ಮೈಯೇ ತಿರುಗಿ ಬಿದ್ದು ಉರಿಯೂತ ಆಗೋದು, ನರ ಊದಿ ಕೈ ಬಲ ಇಳೀತಾ ಇತ್ತು. ಅಂಥ ಟೈಮಲ್ಲಿ ಪ್ರೆಡ್ನಿಸೊಲೋನ್ ಅನ್ನೋ ಊತ ಇಳಿಸೋ ಸ್ಟಿರಾಯ್ಡ್ ಗುಳಿಗೆ ಶುರು ಮಾಡಿ, ವಾರಗಟ್ಟಲೆ ನಿಧಾನ ಇಳಿಸ್ತಾ ಹೋಗಬೇಕು, ಮಧ್ಯ ನಿಲ್ಲಿಸೋ ಹಂಗಿಲ್ಲ. ಮೂರನೇ ವಾರಕ್ಕೆ ಅವನನ್ನ ಮನೆಯೋರು ಪ್ರಾರ್ಥನೆಯಿಂದಲೇ ರೋಗ ವಾಸಿ ಮಾಡ್ತೀವಿ ಅನ್ನೋರ ಒಂದು ಸ್ವಸ್ಥತಾ ಕೂಟಕ್ಕೆ ಕರ್ಕೊಂಡು ಹೋದ್ರು, ಸ್ಟೇಜ್ ಮೇಲೆ ನಿಂತು ವಾಸಿಯಾಯ್ತು ಅಂತ ಸಾಕ್ಷಿ ಹೇಳಿದ, ಗುಳಿಗೆ ಬಿಟ್ಟ. ನನ್ನ ಹತ್ರ ವಾಪಸ್ ಬರೋ ಹೊತ್ತಿಗೆ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡು ನಿಂತಿದ್ವು. ನಾನು ಬಾಯಿಗೆ ಬಂದಂಗೆ ಬೈದೆ. ಬೈದಿದ್ದು ನನ್ನ ತಪ್ಪು, ಯಾಕಂದ್ರೆ ಅವನು ಅಂದಿದ್ದು ಇಷ್ಟೇ, "ಅಲ್ಲಿ ನನ್ನ ತಲಿ ಮ್ಯಾಲೆ ಕೈ ಇಟ್ರು ಸರ್ರಾ, ನೀವು ಗುಳಿಗಿ ಚೀಟಿ ಕೊಟ್ರಿ." ಮೂರು ವಾರದಲ್ಲಿ ಅವನ ನರ ಮುಟ್ಟಿದ್ದೆ, ಭುಜ ಮುಟ್ಟಿರಲಿಲ್ಲ. ಪ್ರಾರ್ಥನೇಲಿ ನನಗೆ ನಂಬಿಕೆ ಇದೆ, ದಿನಾ ಮಾಡ್ತೀನಿ, ಆದ್ರೆ ಪ್ರಾರ್ಥನೆ ಮಾಡಿದ ಬಾಯಲ್ಲೇ ಗುಳಿಗೆ ಬಿಡು ಅನ್ನೋರನ್ನ ಕಂಡ್ರೆ ನನಗೆ ಈಗಲೂ ಮೈ ಉರಿಯುತ್ತೆ. ಆ ಹುಡುಗನಿಗೆ ಆಮೇಲೆ ಆಪರೇಷನ್ ಆಯ್ತು, ಒಳ್ಳೆ ಸ್ನಾಯುವಿನ ಎಳೆ ತಂದು ಬೆರಳಿಗೆ ಜೋಡಿಸೋದು, ಬ್ರ್ಯಾಂಡ್ ಅವರು 1948ರಲ್ಲಿ ವೆಲ್ಲೂರಲ್ಲಿ ಶುರು ಮಾಡಿದ ಕೆಲಸ ಅದು. ಈಗ ಬೈಕ್ ಕ್ಲಚ್ ಹಿಡಿಯೋ ಅಷ್ಟು ಬಂದಿದೆ.

ಹಳ್ಳಿಗೆ ಹೋಗಬೇಕು ಅನ್ನೋದೂ ಮಿಷನ್ ಒಳಗೆ ಜಗಳ ಆಡಿ ಬಂದ ಬುದ್ಧಿನೇ. 1964ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಮಿಷನ್ ವೈದ್ಯಕೀಯ ಕೆಲಸದೋರು ಸಭೆ ಸೇರಿ, ವಾಸಿಮಾಡೋದು ಡಾಕ್ಟರ್ ಒಬ್ಬರ ಕೆಲಸ ಅಲ್ಲ, ಇಡೀ ಚರ್ಚಿನ ಕೆಲಸ ಅಂದ್ರು, 1968ರಲ್ಲಿ ಜಿನೀವಾದಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಅಂತ ಆಯ್ತು, ಆಸ್ಪತ್ರೆ ಕಟ್ಟಡಗಳಿಗೇ ದುಡ್ಡು ಸುರೀತಾ ಇದ್ದೀವಲ್ಲ ಅಂತ ಪ್ರಶ್ನೆ ಎದ್ದಿತು. ಇತ್ತ ಮಹಾರಾಷ್ಟ್ರದ ಜಾಮಖೇಡದಲ್ಲಿ ಆರೋಳೆ ದಂಪತಿ 1970ರಿಂದ ಓದು ಬಾರದ ಹೆಂಗಸರಿಗೇ ತರಬೇತಿ ಕೊಟ್ಟು ಊರಿನ ಆರೋಗ್ಯ ನೋಡ್ಕೊಳ್ಳೋಕೆ ಹಚ್ಚಿದ್ರು, ಕುಷ್ಠದ ಮಚ್ಚೆ ಗುರುತಿಸೋದೂ ಅದರಲ್ಲಿತ್ತು. ನಮ್ಮ ಆಸ್ಪತ್ರೆಗೆ ಈ ಗಾಳಿ ಬೀಸೋಕೆ ಇನ್ನೂ ಬಹಳ ವರ್ಷ ಹಿಡೀತು ಅನ್ನೋದು ಬೇರೆ ಮಾತು. ಬೀಸಿದ ಮೇಲೆ ನನಗೊಂದು ಹಳೇ ಸ್ಕೂಟರ್ ಸಿಕ್ತು.

ಆ ಸ್ಕೂಟರಲ್ಲಿ ಹೋಗಿ ಕಂಡೋಳು ಒಬ್ಬ ಅವ್ವ. ಗುಳಿಗೆ ಮುಗಿದು ಎಷ್ಟೋ ವರ್ಷ ಆಗಿತ್ತು, ಆದ್ರೂ ಹಿತ್ತಲಿನ ತಗಡಿನ ಶೆಡ್ಡಲ್ಲಿ ಬೇರೆ ಒಲೆ, ಬೇರೆ ತಾಟು. ಬೆರಳ ತುಂಬಾ ಸುಟ್ಟ ಗುಳ್ಳೆ. ರೊಟ್ಟಿ ಬಡಿದು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಉಬ್ಬಿದಾಗ ಬೆರಳಲ್ಲೇ ಒತ್ತಿ ತಿರುವೋಳು, ಐವತ್ತು ವರ್ಷದ ರೂಢಿ. "ಸುಟ್ಟಿದ್ದು ಹ್ಯಾಂಗ್ ಗೊತ್ತಾಗ್ತದ ಅವ್ವಾ" ಅಂದೆ. "ವಾಸನಿ ಬರ್ತದಲ್ಲೋ ಯಪ್ಪಾ" ಅಂದ್ಲು. ಬಡಿಗನ ಹತ್ರ ಹೇಳಿ ಉದ್ದ ಹಿಡಿಕೆಯ ಕಟ್ಟಿಗೆ ಹುಟ್ಟು ಮಾಡಿಸಿದೆ, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದ್ವಿ, ಒತ್ತೋಕೆ ನಾಲ್ಕು ಮಡಿಕೆ ಬಟ್ಟೆ. ಗುಳ್ಳೆ ನಿಂತ್ವು. ಆದ್ರೆ ಶೆಡ್ ಹಂಗೇ ಇತ್ತು. ಸೊಸೆಗೆ ಎಂಡಿಟಿ ಬಗ್ಗೆ ಮೂರು ಸಲ ಹೇಳಿದೆ, ತಲೆ ಅಲ್ಲಾಡಿಸಿದ್ಲು ಅಷ್ಟೇ. ಕೊನೇಗೆ ಮಾತು ಬಿಟ್ಟು, ಹೋದಾಗೆಲ್ಲ ಆ ಶೆಡ್ಡಲ್ಲೇ ಅವ್ವನ ಕೈಯಿಂದ ರೊಟ್ಟಿ, ಶೇಂಗಾ ಹಿಂಡಿ ಇಸ್ಕೊಂಡು, ತಾಟು ತಗೊಂಡು ಬಂದು ಮುಂದಿನ ಕಟ್ಟೆ ಮೇಲೆ ಎಲ್ಲರಿಗೂ ಕಾಣೋ ಹಂಗೆ ಕೂತು ಉಣ್ಣೋಕೆ ಶುರು ಮಾಡಿದೆ. ಸುಮಾರು ಒಂದು ವರ್ಷ. ಒಂದಿನ ಮೊಮ್ಮಗ ಬಂದು ನನ್ನ ತಾಟಿನಿಂದಲೇ ಅರ್ಧ ರೊಟ್ಟಿ ಹರ್ಕೊಂಡು ಓಡಿದ, ಸೊಸೆ ಬಾಗಿಲಲ್ಲೇ ನಿಂತಿದ್ಲು, ಏನೂ ಅನ್ನಲಿಲ್ಲ. ದೀಪಾವಳಿ ಕಳೆದ ಮೇಲೆ ಹೋದಾಗ ಶೆಡ್ಡಲ್ಲಿ ಕುಳ್ಳು ಒಟ್ಟಿದ್ರು, ಅವ್ವ ಒಳಗಿದ್ಲು.

ನನಗೀಗ ಶುಗರ್, ಪಾದ ಜುಮುಜುಮು ಅಂತಾವೆ. ಹೋದ ತಿಂಗಳು ಆ ಊರ ಕಡೆ ಹೋದಾಗ ಅವ್ವ ನನ್ನ ಒಡೆದ ಹಿಮ್ಮಡಿ ನೋಡಿ, "ಮಂದಿಗೆಲ್ಲ ಹೇಳ್ತಿ, ನಿನ್ನ ಕಾಲ್ ನೋಡ್ಕೋ ಮೂಳಾ" ಅಂತ ಬೈದು ಬೋಗುಣಿ ತಂದಿಟ್ಲು. ನೀರಿಗೆ ಮೊಣಕೈ ಅದ್ದಿ ನೋಡಿದ್ಲು, ಆಕೆಗೆ ಅಲ್ಲೂ ಗೊತ್ತಾಗಲ್ಲ, ಆದ್ರೂ ಅದ್ದಿದ್ಲು. ಆಮೇಲೆ ಮೊಮ್ಮಗನ್ನ ಕರೆದು "ನೀ ಮುಟ್ಟಿ ನೋಡು, ಬಿಸಿ ಐತೇನು" ಅಂದ್ಲು. ಹತ್ತು ನಿಮಿಷಕ್ಕೆ ನಾನು ಏಳೋಕೆ ಹೋದ್ರೆ ಬಿಡಲಿಲ್ಲ, ಇನ್ನೂ ಹತ್ತು ಐತಿ ಕುಂದ್ರು ಅಂತ.