‘ಕ್ಲ್ಯಾಮ್’ ಪದಕ್ಕೆ ಸರಿಯಾದ ಅರ್ಥ ಹುಡುಕುವುದು ಹೇಗೆ?

‘ಪೊಲೀಸರು ತಮ್ಮನ ಹೆಸರೆತ್ತಿದ ಕೂಡಲೇ ಅವನು ಕಪ್ಪೆಚಿಪ್ಪಾದ.’ ಪರಿಚಿತರೊಬ್ಬರು ಅನುವಾದಿಸಿದ ಪತ್ತೇದಾರಿ ಕಥೆಯಲ್ಲಿ ಈ ಸಾಲು ಸಿಕ್ಕಿತು. ಇದ್ಯಾವಾಗ ಮಾಯಮಂತ್ರದ ಕಥೆ ಆಯಿತಪ್ಪಾ ಅಂತ ಎರಡು ಪುಟ ಹಿಂದಕ್ಕೆ ತಿರುವಿದೆ. ಇಂಗ್ಲಿಷ್ ಮೂಲದಲ್ಲಿದ್ದದ್ದು ‘ಕ್ಲ್ಯಾಮ್ಡ್ ಅಪ್’, ಅಂದರೆ ಬಾಯಿ ಮುಚ್ಚಿಕೊಂಡ. ಪಾಪ, ಅವರು ನಿಘಂಟು ನೋಡಿದ್ದರು. ಆದರೆ ಮೊದಲ ಅರ್ಥದಲ್ಲೇ ನಿಂತುಬಿಟ್ಟಿದ್ದರು.

ಹೆಜ್ಜೆ 1: ಪದವೊಂದನ್ನೇ ಬೇಡ, ಇಡೀ ವಾಕ್ಯವನ್ನು ಹಾಳೆಯ ಮೇಲೆ ಬರೆದುಕೊಳ್ಳಿ.

ಹೆಜ್ಜೆ 2: ನಾಮಪದವೋ ಕ್ರಿಯಾಪದವೋ ನೋಡಿ. ಹಿಂದೆಯೇ ‘ಅಪ್’ ಬಂದಿದ್ದರೆ ಅದು ಬಾಯಿ ಮುಚ್ಚಿಕೊಳ್ಳುವ ಕ್ರಿಯೆ. ‘ಅಪ್’ ಇಲ್ಲದ ಕ್ರಿಯಾಪದವಾದರೆ ಮರಳು, ಕೆಸರು ಅಗೆದು ಚಿಪ್ಪು ಹೆಕ್ಕುವ ಕೆಲಸ.

ಹೆಜ್ಜೆ 3: ನಾಮಪದವಾದರೆ ಸುತ್ತಮುತ್ತ ಯಾವ ಮಾತು ನಡೆದಿದೆ ಅಂತ ನೋಡಿ. ಊಟದ ಮಾತಾದರೆ ಎರಡು ಚಿಪ್ಪಿನ ಜೀವಿ. ‘ಹತ್ತು ಕ್ಲ್ಯಾಮ್ಸ್ ಕೊಟ್ಟೆ’ ಅಂತ ಲೆಕ್ಕ ಬಂದರೆ ಅಮೆರಿಕದ ಆಡುಮಾತಿನಲ್ಲಿ ಹತ್ತು ಡಾಲರ್. ಜಾಸ್ ವಾದ್ಯಗಾರ ಹೇಳಿದರೆ ತಪ್ಪಿ ನುಡಿಸಿದ ಸ್ವರ. ‘ಕ್ಲ್ಯಾಮ್‌ಶೆಲ್’ ಫೋನ್ ಎಂದರೆ ಮಡಚುವ ಫೋನ್. ಸ್ಕಾಟ್ಲೆಂಡ್‌ನವರು ಬರೆದಿದ್ದರೆ ಇನ್ನೊಂದು ಸಲ ಯೋಚಿಸಿ, ಅಲ್ಲಿ ಸ್ಕ್ಯಾಲಪ್ ಎಂಬ ಇನ್ನೊಂದು ಬಗೆಯ ಚಿಪ್ಪುಜೀವಿಗೂ ಕ್ಲ್ಯಾಮ್ ಅನ್ನುವುದುಂಟು.

ಹೆಜ್ಜೆ 4: ಸಮಾನಾರ್ಥಕ ಪದ ಆರಿಸುವುದು. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಒಂದು ಪದಕ್ಕೆ ಒಂದೇ ಅರ್ಥ ತೋರಿಸುವ ಮೊಬೈಲ್ ನಿಘಂಟುಗಳಿವೆಯಲ್ಲ, ಅವನ್ನು ಈ ಕೆಲಸಕ್ಕೆ ತೆರೆಯಲೇಬೇಡಿ. ಪರ್ಯಾಯ ಪದಕೋಶವೂ ಪೂರ್ತಿ ಆಸರೆಯಲ್ಲ. ಅದು ಪದಗಳನ್ನು ಸಾಲಾಗಿ ಸುರಿಯುತ್ತದೆ, ಯಾವುದು ಎಲ್ಲಿಗೆ ಹೊಂದುತ್ತದೆ ಅಂತ ಹೇಳುವುದಿಲ್ಲ.

ಜೀವಿಯ ಸಾಲನ್ನೇ ನೋಡಿ. ‘ಮೊಲಸ್ಕ್’ ದೊಡ್ಡ ಕುಲ. ಬಸವನಹುಳು, ಆಕ್ಟೋಪಸ್ ಕೂಡ ಅದರಲ್ಲೇ ಬರುತ್ತವೆ. ‘ಬೈವಾಲ್ವ್’ ಅಂದರೆ ಎರಡು ಚಿಪ್ಪಿನವು ಮಾತ್ರ, ಆದರೆ ಸಿಂಪಿಯೂ ಅಲ್ಲೇ ಇದೆ. ‘ಕ್ವಾಹಾಗ್’ ಇನ್ನೂ ಚಿಕ್ಕ ಗುಂಪು: ಉತ್ತರ ಅಮೆರಿಕದ ಪೂರ್ವ ತೀರದ ಗಟ್ಟಿಚಿಪ್ಪಿನ ಒಂದು ಬಗೆ. ಆ ಹೆಸರು ಅಲ್ಲಿನ ಮೂಲನಿವಾಸಿಗಳ ನುಡಿಯಿಂದ ಬಂದದ್ದು. ‘ಲಿಟಲ್‌ನೆಕ್’, ‘ಚೆರಿಸ್ಟೋನ್’ ಬೇರೆ ಜೀವಿಗಳೇನಲ್ಲ, ಅದೇ ಕ್ವಾಹಾಗ್‌ನ ಗಾತ್ರದ ಹೆಸರುಗಳು. ‘ಶೆಲ್‌ಫಿಶ್’ ಅಂತೂ ಏಡಿ, ಸೀಗಡಿಯನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಇವನ್ನು ಒಂದರ ಜಾಗದಲ್ಲಿ ಇನ್ನೊಂದಿಟ್ಟರೆ ‘ಮಾವು’ ಇರಬೇಕಾದಲ್ಲಿ ‘ಹಣ್ಣು’ ಅಂದ ಹಾಗೆ. ಸುಳ್ಳಲ್ಲ, ಆದರೆ ಮಾತು ತೆಳುವಾಯಿತು.

ಕ್ರಿಯಾಪದದ ಕಡೆ ಇನ್ನೂ ಹುಷಾರಾಗಿರಬೇಕು. ‘ಶಟ್ ಅಪ್’ ಸಾಮಾನ್ಯವಾಗಿ ಬೇರೆಯವರಿಗೆ ಒರಟಾಗಿ ಹೇಳುವ ಮಾತು. ‘ಪೈಪ್ ಡೌನ್’ ಎಂದರೆ ಗಲಾಟೆ ಕಡಿಮೆ ಮಾಡು ಅಂತ. ‘ಡ್ರೈ ಅಪ್’ ಆದವನಿಗೆ ಮಾತೇ ಸಿಗುತ್ತಿಲ್ಲ, ರಂಗದ ಮೇಲೆ ಸಾಲು ಮರೆತ ನಟನ ಹಾಗೆ. ‘ಕ್ಲ್ಯಾಮ್ ಅಪ್’ ಆದವನ ಹತ್ತಿರ ಮಾತಿದೆ. ಭಯಕ್ಕೋ ನಾಚಿಕೆಗೋ ಗುಟ್ಟು ಕಾಯುವುದಕ್ಕೋ ಒಳಗೇ ಇಟ್ಟುಕೊಂಡಿದ್ದಾನೆ. ಮುಟ್ಟಿದೊಡನೆ ಚಿಪ್ಪು ಪಟ್ಟನೆ ಮುಚ್ಚುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಚಿಪ್ಪನ್ನು ಒಳಗಿನಿಂದ ಸ್ನಾಯುಗಳು ಎಳೆದು ಹಿಡಿಯುತ್ತವೆ. ಜೀವ ಹೋದಾಗ ಆ ಹಿಡಿತ ಸಡಿಲಾಗುತ್ತದೆ. ಪದದ ಬೇರೂ ಹಿಡಿತದ್ದೇ. ಹಳೆ ಇಂಗ್ಲಿಷಿನಲ್ಲಿ ಕಟ್ಟು, ಬೇಡಿ ಎಂಬ ಅರ್ಥವಿತ್ತು. ಬಡಗಿ ಮರ ಬಿಗಿಹಿಡಿಯಲು ಬಳಸುವ ಕ್ಲ್ಯಾಂಪ್ ಇದರದೇ ಬಳಗ.

ಹೆಜ್ಜೆ 5: ಈಗ ಕನ್ನಡ. ‘ಅವನು ಸುಮ್ಮನಿದ್ದ’ ಅಂದರೆ ಅರ್ಥ ಕೆಡುತ್ತದೆ, ಮೊದಲಿನಿಂದಲೂ ಮಾತಾಡಿರಲಿಲ್ಲ ಅನ್ನಿಸುತ್ತದೆ. ‘ಸುಮ್ಮನಾದ’ ಅನ್ನಿ. ಒಂದೇ ಕ್ರಿಯಾಪದದ ವ್ಯತ್ಯಾಸ, ಆದರೆ ದೃಶ್ಯವೇ ಬದಲಾಗುತ್ತದೆ, ಅಲ್ವಾ? ನನಗೆ ಇಷ್ಟವಾದದ್ದು ‘ಬಾಯಿಗೆ ಬೀಗ ಹಾಕಿಕೊಂಡ’. ‘ಮೌನಕ್ಕೆ ಶರಣಾದ’ ಬೇಡವೇ ಬೇಡ, ಅದು ಪತ್ರಿಕೆಯ ತಲೆಬರಹದಲ್ಲೇ ಇರಲಿ. ಜೀವಿಗೆ ‘ಕಪ್ಪೆಚಿಪ್ಪು’ ಸಾಕು. ‘ಚಿಪ್ಪುಮೀನು’ ಅಂದರೂ ನಡೆಯುತ್ತದೆ, ಮೀನಲ್ಲ ಅನ್ನುವುದು ನೆನಪಿದ್ದರೆ.

‘ಹ್ಯಾಪಿ ಆ್ಯಸ್ ಅ ಕ್ಲ್ಯಾಮ್’ ಸಿಕ್ಕಿದರೆ ಚಿಪ್ಪನ್ನು ಕೈಬಿಟ್ಟು ‘ಹಾಯಾಗಿದ್ದ’ ಅಂತ ಬರೆಯಿರಿ. 19ನೇ ಶತಮಾನದಿಂದ ಅಮೆರಿಕದಲ್ಲಿ ಓಡಾಡುತ್ತಿರುವ ಈ ಮಾತಿಗೆ ‘ಭರತದ ಹೊತ್ತಿನಲ್ಲಿ’ ಎಂಬ ಬಾಲವೂ ಇತ್ತು. ಚಿಪ್ಪು ಅಗೆಯುವವರು ಬರುವುದು ಸಮುದ್ರದ ಇಳಿತದಲ್ಲಿ. ನೀರು ಏರಿದಾಗ ಅದಕ್ಕೆ ನೆಮ್ಮದಿ. ಬಾಲ ಉದುರಿದ್ದರಿಂದ ಈಗ ಚಿಪ್ಪಿಗೆ ಸುಮ್ನೆ ಯಾಕೆ ಖುಷಿ ಅಂತ ಜನ ತಲೆ ಕೆರೆದುಕೊಳ್ಳುತ್ತಾರೆ.

ಹಾಂ, ‘ಕ್ಲ್ಯಾಮಿ’ ಕಂಡರೆ ಈ ಹಾಳೆಯನ್ನು ಪಕ್ಕಕ್ಕಿಡಿ. ತಣ್ಣಗೆ ಬೆವೆತು ಅಂಟಂಟಾದ ಅಂಗೈಗೆ ಹೇಳುವ ಆ ಪದ ‘ಬಳಿ, ಮೆತ್ತು’ ಎಂಬರ್ಥದ ಬೇರೊಂದು ಹಳೆಯ ಕ್ರಿಯಾಪದದಿಂದ ಹುಟ್ಟಿದ್ದು.