ಅಂಕದ ಗೆರೆ ಅಳಿಸಿದ ಮೇಲೆ ನಮ್ಮ ಕಂಪ್ಯೂಟರ್ ಲ್ಯಾಬ್

ನಮ್ಮ ಪ್ರೌಢಶಾಲೆಯಲ್ಲಿ ಪ್ರೋಗ್ರಾಮಿಂಗ್ ತರಗತಿಗೆ ಸೇರಬೇಕಾದರೆ ಗಣಿತದ ಅಂಕ ನೋಡುತ್ತಿದ್ದರು. ಯಂತ್ರಗಳು ಕಡಿಮೆ, ಮಕ್ಕಳು ಹೆಚ್ಚು, ಯಾರನ್ನಾದರೂ ಹೊರಗಿಡಲೇಬೇಕು ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. ಹೊರಗುಳಿಯುತ್ತಿದ್ದವರು ಮಾತ್ರ ಪ್ರತಿ ವರ್ಷವೂ ಒಂದೇ ಬಗೆಯವರು: ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು, ಪಾಠದ ಭಾಷೆ ಮನೆಮಾತಾಗಿಲ್ಲದವರು, ಹೆಣ್ಣುಮಕ್ಕಳು. ಒಳಗೆ ಬಂದವರಲ್ಲಿ ಹುಡುಗಿಯರು ಐದಕ್ಕೆ ಒಬ್ಬರಿದ್ದರೆ ಹೆಚ್ಚು. ಆ ಗೆರೆಯನ್ನು ಅಳಿಸಿ ವಿಷಯವನ್ನು ಎಲ್ಲರ ವೇಳಾಪಟ್ಟಿಗೆ ಸೇರಿಸೋಣ ಎಂದು ನಾನು ಹೇಳಿದಾಗ ಶಿಕ್ಷಕರ ಕೊಠಡಿಯಲ್ಲಿ ಒಬ್ಬರೂ ಜೊತೆಗೆ ನಿಲ್ಲಲಿಲ್ಲ. ‘ಲೆಕ್ಕವೇ ಬಾರದವರಿಗೆ ಕೋಡಿಂಗ್ ಹೇಗೆ ಬರುತ್ತದೆ ಸರ್?’ ಎಂದರು. ಈಗ ಹಾಗೆ ಕೇಳಿದವರೇ ನನ್ನ ಅಭ್ಯಾಸದ ಹಾಳೆಗಳನ್ನು ತಮ್ಮ ತರಗತಿಗೆ ಒಯ್ಯುತ್ತಿದ್ದಾರೆ.

ಇದಕ್ಕೂ ಮೊದಲು ಕೈಕೊಟ್ಟ ದಾರಿಗಳೇ ಹೆಚ್ಚು. ಶಾಲೆ ಬಿಟ್ಟ ಮೇಲೆ ಕೋಡಿಂಗ್ ಕ್ಲಬ್ ನಡೆಸಿದೆವು. ಸಂಜೆ ಉಳಿಯಬಲ್ಲವರು ಮಾತ್ರ ಉಳಿದರು. ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕಾದವರು, ದೂರದಿಂದ ಬರುವವರು ಎರಡನೆಯ ವಾರಕ್ಕೇ ಕಾಣೆ. ಹುಡುಗಿಯರನ್ನು ಸೆಳೆಯಲೆಂದು ಭಿತ್ತಿಪತ್ರ ಅಂಟಿಸಿದೆವು, ನೋಡಿದರು, ಬರಲಿಲ್ಲ. ಮನೆಗೆಲಸವನ್ನು ಮೊಬೈಲಿನಲ್ಲಿ ಮಾಡಿ ಎಂದು ಕೊಟ್ಟರೆ, ಇಡೀ ಮನೆಗೆ ಒಂದೇ ಫೋನು, ಅದು ರಾತ್ರಿ ಹತ್ತಕ್ಕೆ ಮಗುವಿನ ಕೈಗೆ ಬರುತ್ತದೆ.

ಹಣ ಅತಿ ಹೆಚ್ಚು ಪೋಲಾದದ್ದು ದಾನದ ಲ್ಯಾಪ್‌ಟಾಪ್‌ಗಳಲ್ಲಿ. ಪುಕ್ಕಟೆ ಬಂದವು ಎಂದು ಎಲ್ಲರಿಗೂ ಸಂತೋಷ. ಚಾರ್ಜರ್ ಇಲ್ಲದವು, ಬ್ಯಾಟರಿ ಸತ್ತವು, ಕೀಲಿ ಕಿತ್ತುಹೋದವು. ಇವನ್ನು ಎಬ್ಬಿಸುವುದಕ್ಕೇ ಆ ವರ್ಷದ ಅನುದಾನದ ಅರ್ಧದಷ್ಟು ಹೋಯಿತು, ಮುಂದಿನ ವರ್ಷಕ್ಕೆ ಉಳಿದು ಓಡುತ್ತಿದ್ದದ್ದು ಬೆರಳೆಣಿಕೆಯಷ್ಟು. ಪಟ್ಟಿ ನೋಡದೆ ದಾನ ಸ್ವೀಕರಿಸಬೇಡಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಮರುವರ್ಷ ಹೊಸ ಯಂತ್ರ ಕೊಳ್ಳುವ ಪ್ರಸ್ತಾಪವನ್ನು ಬದಿಗಿಟ್ಟು, ಲ್ಯಾಬಿನ ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಕೆಲವಕ್ಕೆ ರ‍್ಯಾಮ್ ಏರಿಸಿ, ಹಳೆಯ ಯಂತ್ರದಲ್ಲೂ ಹಗುರಾಗಿ ಓಡುವ ಲುಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಕೂರಿಸಿದೆ. ಹದಿನೈದಕ್ಕೂ ಹೆಚ್ಚು ಯಂತ್ರಗಳಿಗೆ ತಗುಲಿದ್ದು ಹೆಚ್ಚುಕಡಿಮೆ ಎರಡು ಹೊಸ ಕಂಪ್ಯೂಟರುಗಳ ಬೆಲೆ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವ ಥಾನಿ ತಂತ್ರಾಂಶ ಸಲೀಸಾಗಿ ತೆರೆದುಕೊಳ್ಳುತ್ತದೆ. ನೆಟ್ ಹೋದರೂ ಪಾಠ ನಿಲ್ಲುವುದಿಲ್ಲ.

ಐವತ್ತು ಚಿಲ್ಲರೆ ಮಕ್ಕಳಿಗೆ ಅಷ್ಟು ಯಂತ್ರ ಸಾಲುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಾಗದದಲ್ಲಿತ್ತು. ಅರ್ಧ ತರಗತಿ ಯಂತ್ರದ ಮುಂದೆ ಜೋಡಿಯಾಗಿ ಕೂರುತ್ತದೆ, ಉಳಿದರ್ಧ ಮೇಜಿನ ಮೇಲೆ ಪಾರ್ಸನ್ಸ್ ಸಮಸ್ಯೆ ಬಿಡಿಸುತ್ತದೆ. ಸಾಲು ಸಾಲಾಗಿ ಕತ್ತರಿಸಿದ ಕೋಡ್ ಚೀಟಿಗಳನ್ನು ಸರಿಯಾದ ಕ್ರಮಕ್ಕೆ ತರುವ ಈ ವಿಧಾನವನ್ನು ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ 2006ರಲ್ಲಿ ಮುಂದಿಟ್ಟರು. ಟೈಪಿಂಗ್ ಬಾರದ ಮಗು ಇಲ್ಲಿ ಹಿಂದೆ ಬೀಳುವುದಿಲ್ಲ. ಲೂಪಿನ (ಮತ್ತೆ ಮತ್ತೆ ಓಡುವ ಸಾಲುಗಳ) ಒಳಗೆ ಯಾವ ಸಾಲು ಬರಬೇಕು ಎಂಬ ಜಗಳ ಜೋರಾಗಿ ನಡೆಯುತ್ತದೆ. ಚೀಟಿಗಳ ನಡುವೆ ತಪ್ಪು ಸಾಲುಗಳನ್ನೂ ಬೆರೆಸುತ್ತೇನೆ. ಅವನ್ನು ಎಲ್ಲಿಂದ ಆರಿಸುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜೋಡಿಯಲ್ಲಿ ಕೀಬೋರ್ಡ್ ಹಿಡಿದವರು ಬಿಟ್ಟುಕೊಡುವುದಿಲ್ಲ, ಇದು ನಿಮಗೆಲ್ಲ ಗೊತ್ತಿರುವುದೇ. ಏಳೆಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಿದೆ. ಅಷ್ಟೇ ಸಾಲಲಿಲ್ಲ. ಮನೆಯಲ್ಲೇ ಪೈಥಾನ್ ಕಲಿತು ಬಂದ ನಾಲ್ಕಾರು ಮಂದಿ ಪ್ರತಿ ಪ್ರಶ್ನೆಗೂ ಮೊದಲೇ ಉತ್ತರ ಕೂಗಿ ಬಿಡುತ್ತಿದ್ದರು, ಉಳಿದವರು ಇದು ತಮಗಲ್ಲ ಎಂದು ಮೌನವಾಗುತ್ತಿದ್ದರು. ಅಮೆರಿಕದ ಹಾರ್ವಿ ಮಡ್ ಕಾಲೇಜು ತನ್ನ ಮೊದಲ ಕೋರ್ಸನ್ನು ಅನುಭವ ಉಳ್ಳವರಿಗೆ ಬೇರೆ, ಹೊಸಬರಿಗೆ ಬೇರೆ ಎಂದು ವಿಂಗಡಿಸಿತ್ತು. ನಮ್ಮಲ್ಲಿ ಎರಡು ಕೊಠಡಿಯೂ ಇಲ್ಲ, ಎರಡನೆಯ ಶಿಕ್ಷಕರೂ ಇಲ್ಲ. ಆದ್ದರಿಂದ ಆ ನಾಲ್ಕಾರು ಮಂದಿಯನ್ನು ಪರಸ್ಪರ ಜೋಡಿ ಮಾಡಿ, ಹಾಜರಾತಿ ಲೆಕ್ಕ ಹಾಕುವ ಪ್ರೋಗ್ರಾಮಿನಂಥ ನಿಜವಾದ ಕೆಲಸವನ್ನೇ ವಹಿಸಿದೆ. ತಿಂಗಳೊಳಗೆ ಹಿಂದಿನ ಬೆಂಚಿನಿಂದ ಪ್ರಶ್ನೆಗಳು ಬರತೊಡಗಿದವು. ಹುಡುಗಿಯರನ್ನು ಸೆಳೆಯಲು ಬೇರೆ ಏನನ್ನೂ ಮಾಡಲಿಲ್ಲ. ಅವರೀಗ ತರಗತಿಯ ಹತ್ತಿರ ಹತ್ತಿರ ಅರ್ಧದಷ್ಟು, ಐಚ್ಛಿಕವಾಗಿ ಮುಂದುವರಿಸುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಗಣಿತದಲ್ಲಿ ಹಿಂದಿದ್ದವರಲ್ಲಿ ಹಲವರು ಡೀಬಗ್ ಮಾಡುವುದರಲ್ಲಿ, ಅಂದರೆ ಕೋಡಿನ ತಪ್ಪು ಹುಡುಕಿ ತಿದ್ದುವುದರಲ್ಲಿ, ಮುಂದಿದ್ದಾರೆ. ನನಗೆ ಅತಿ ಹೆಚ್ಚು ಹೆಮ್ಮೆ ಇದರ ಬಗ್ಗೆ.

ನಡುವೆ ಒಂದು ಪ್ರಯೋಗ. ಪೈಥಾನ್ 3ರಲ್ಲಿ ಮೌಲ್ಯ ಹಿಡಿದಿಡುವ ವೇರಿಯಬಲ್‌ಗೆ ತಾಯ್ನುಡಿಯಲ್ಲೇ ಹೆಸರಿಡಬಹುದು; ‘ಮೊತ್ತ = 0’ ಎಂದು ಬರೆದರೆ ಓಡುತ್ತದೆ. ಮಕ್ಕಳ ಮುಖ ಅರಳಿತು. ಆದರೆ ಅಕ್ಷರ ಬಿಡಿಸಿ ಬರೆಯಲು ನಾವು ಬಳಸುವ, ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಚಿಹ್ನೆ ವೇರಿಯಬಲ್ ಹೆಸರಿನ ನಡುವೆ ಸೇರಿದರೆ ಪೈಥಾನ್ ದೋಷ ತೋರಿಸಿ ನಿಂತುಬಿಡುತ್ತದೆ, ಮಗುವಿಗೆ ತಪ್ಪು ಎಲ್ಲಿದೆಯೆಂದು ಕಾಣುವುದೇ ಇಲ್ಲ. ಮೊದಲ ತಿಂಗಳಿಗೆ ಒಳ್ಳೆಯದು, ಆಮೇಲೆ ಕೀಲಿಮಣೆ ಬದಲಿಸುತ್ತ ಕೂರುವುದರಲ್ಲೇ ಅವಧಿ ಮುಗಿಯುತ್ತದೆ. ಓದುವವರಿಗಾಗಿ ಕೋಡಿನಲ್ಲಿ ಬರೆಯುವ ಕಮೆಂಟುಗಳನ್ನು ಮಾತ್ರ ಈಗಲೂ ತಾಯ್ನುಡಿಯಲ್ಲೇ ಬರೆಸುತ್ತೇನೆ.

ಗೆರೆ ಅಳಿಸಿದ ಮೇಲೆ ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬಳು ತರಗತಿಗೆ ಬಂದಳು. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾದರೂ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ಒಂದು ಯಂತ್ರವನ್ನು ಲುಬುಂಟುವಿನಿಂದ ವಿಂಡೋಸ್‌ಗೆ ಹಿಂದಕ್ಕೆ ತಂದೆ. ಪೈಥಾನಿನಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೇ (ಇಂಡೆಂಟೇಶನ್) ಅರ್ಥವಿದೆ, ಅದನ್ನು ಕೇಳಿಸುವುದು ಹೇಗೆ? ಎನ್‌ವಿಡಿಎ ಸೆಟ್ಟಿಂಗ್‌ನಲ್ಲಿ ಇಂಡೆಂಟೇಶನ್ ತಿಳಿಸುವ ಆಯ್ಕೆ ಇದೆ: ಮಾತಿನಲ್ಲಿ, ಸ್ವರದಲ್ಲಿ, ಅಥವಾ ಎರಡರಲ್ಲೂ. ಆಕೆ ಸ್ವರವನ್ನು ಆರಿಸಿಕೊಂಡಳು. ಸ್ವರ ಬದಲಾದ ಕೂಡಲೇ ಸಾಲು ಯಾವ ಬ್ಲಾಕಿಗೆ (ಸಾಲುಗಳ ಗುಂಪಿಗೆ) ಸೇರಿದೆ ಎಂದು ಹೇಳುತ್ತಾಳೆ. ಜೋಡಿಯವರಿಗೂ ಅದು ಕೇಳಿಸಲೆಂದು ಹೆಡ್‌ಫೋನ್ ಸ್ಪ್ಲಿಟರ್ ಒಂದನ್ನು ಸ್ವಂತ ಹಣದಿಂದ ತಂದೆ. ಮುಂದಿನ ಅನುದಾನದಲ್ಲಿ ಇನ್ನೆರಡು ಸ್ಪ್ಲಿಟರ್, ಒಂದಿಷ್ಟು ಹೆಡ್‌ಫೋನ್ ಎಂದು ಬರೆದುಕೊಟ್ಟಿದ್ದೇನೆ.